ಶುಂಠಿಗೆ ಕೊಂಬು ಮೂಡಿದ ಜಾಗ

ಯುರೋಪಿಗೆ ಕಾಲಿಡುವ ಮುಂಚೆ ನಾವು ಚಪ್ಪಲಿ ಬಿಡಬೇಕಿತ್ತು. ಜಪಾನಿನ ಕಾವಾಸಾಕಿ ಊರಿನ ನಮ್ಮ ಆಫೀಸಿನಲ್ಲಿ, ಗೋಡೆಯ ಅಳತೆಗೆ ಸರಿಯಾಗಿ ಮುದ್ರಿಸಿದ ನಕ್ಷೆಯನ್ನು ನೆಲದ ಮೇಲೆ ಹಾಸಿದ್ದರು. ನಮ್ಮ ಡಿಸೈನರ್, ನನಗಿಂತ ಹಿರಿಯ ಹೆಂಗಸು, ಗ್ರೀಸಿನ ಪಕ್ಕ ಮಂಡಿಯೂರಿ ಕುಳಿತು ದಾರ ಎಳೆಯುತ್ತಿದ್ದರು. ನಾನು ಕಾಲುಚೀಲದಲ್ಲಿ ಬಾಲ್ಟಿಕ್ ಸಮುದ್ರ ದಾಟಿ ಸ್ವೀಡನ್ನಿಗೆ ಪಿನ್ ಚುಚ್ಚುತ್ತಿದ್ದೆ. ಕಿಟಕಿಯಾಚೆ ರೈಲು ಹೋದಾಗಲೆಲ್ಲ ಪಿನ್ನಿನ ಡಬ್ಬಿ ಸಣ್ಣಗೆ ಗಲಗಲ ಎನ್ನುತ್ತಿತ್ತು.

ನಮ್ಮದು ಬೇರೆಯವರಿಗೆ ಪ್ರದರ್ಶನ ಕಟ್ಟಿಕೊಡುವ ಚಿಕ್ಕ ಕಂಪನಿ. ಆ ಸಲ ಕೆಲಸ ಕೊಟ್ಟವರು ಅದೇ ಊರಿನ ಹಳೆಯ ಉಪ್ಪಿನಕಾಯಿ ಕಾರ್ಖಾನೆಯವರು. ಇಲ್ಲಿ ಹುರಿದ ನೂಡಲ್ಸಿನ ಮೇಲೆ ಕೆಂಪಗೆ ಎಳೆಎಳೆಯಾಗಿ ಶುಂಠಿ ಉದುರಿಸುತ್ತಾರಲ್ಲ, ಅದನ್ನು ತಯಾರಿಸುವವರು. ಕಾರ್ಖಾನೆಯ ಪಕ್ಕದಲ್ಲೇ ಅವರು ಒಂದು ಪುಟ್ಟ ಪ್ರದರ್ಶನಾಲಯ ಕಟ್ಟಿಸುತ್ತಿದ್ದರು. ಶುಂಠಿಯ ಹೆಸರು ನಮ್ಮ ದೇಶದಿಂದ ಹೊರಟು ಯುರೋಪಿನ ಭಾಷೆಗಳಿಗೆಲ್ಲ ಹೇಗೆ ಹಬ್ಬಿತು ಎಂದು ತೋರಿಸಲು ಅದರ ಒಂದು ದೊಡ್ಡ ಗೋಡೆ ಮೀಸಲಾಗಿತ್ತು. ಹೆಸರುಗಳನ್ನು ಹುಡುಕಿ, ದಾರಿಗಳನ್ನು ಪರಿಶೀಲಿಸಿ, ಗೋಡೆಯ ಬರಹ ಸಿದ್ಧಪಡಿಸುವುದು ನನ್ನ ಕೆಲಸ.

ಗಂಡನ ಪೋಸ್ಟಿಂಗ್ ಹಿಂದೆ ಬಂದು ಇಚಿಕಾವಾದ ಅಡುಗೆಮನೆಯಲ್ಲಿ ಹಲವು ವರ್ಷ ಕಳೆದಿದ್ದೆ. ಮೈಸೂರಿನಲ್ಲಿ ಭಾಷಾವಿಜ್ಞಾನ ಪಾಠ ಮಾಡುತ್ತಿದ್ದವಳು ಎಂಬುದು ನನಗೇ ಮರೆತುಹೋಗುವಂತಿದ್ದಾಗ ಈ ಕೆಲಸ ಸಿಕ್ಕಿತು. ಒಪ್ಪಂದ ಆ ಒಂದು ಗೋಡೆಗೆ ಮಾತ್ರ. ಗೋಡೆ ಚೆನ್ನಾಗಿ ನಿಂತರೆ ಮುಂದಿನ ಕೆಲಸದ ಮಾತು, ಇಲ್ಲವಾದರೆ ಮತ್ತೆ ಕುಕ್ಕರಿನ ಮುಂದೆ. ಆ ಗೋಡೆ ನನಗೆ ಬೇಕೇ ಬೇಕಿತ್ತು.

ನಾನು ಒಂದು ನಿಯಮ ಮಾಡಿಕೊಂಡೆ. ಒಂದನ್ನೊಂದು ನೋಡಿ ಬರೆಯದ ಎರಡು ನಿಘಂಟುಗಳು ಒಪ್ಪುವ ತನಕ ಯಾವ ಭಾಷೆಗೂ ದಾರ ಕಟ್ಟಬಾರದು. ಸಮುದ್ರದ ದಾರಿಗೆ ನೀಲಿ ದಾರ, ನೆಲದ ಮೇಲೆ ಬಾಯಿಂದ ಬಾಯಿಗೆ ದಾಟಿದ್ದಕ್ಕೆ ಕೆಂಪು. ಗ್ರೀಕರ ‘ಜಿಂಗಿಬೆರಿಸ್’ ಹಡಗಿನ ಸರಕಿನ ಜೊತೆ ಬಂದದ್ದು. ಅದನ್ನು ರೋಮಿನವರು ತೆಗೆದುಕೊಂಡರು. ಅಲ್ಲಿಂದ ದಾರಗಳು ಕವಲೊಡೆಯುತ್ತವೆ. ಇಟಲಿಯವರು ‘ಜೆಂಜೆರೊ’ ಅಂದರು, ಸ್ಪೇನಿನವರು ‘ಹೆಂಹಿಬ್ರೆ’, ಫ್ರೆಂಚರು ಮೂಗಿನಲ್ಲಿ ‘ಜ್ಯಾಂಜಾಂಬ್ರ್’, ಇಂಗ್ಲಿಷಿನವರು ‘ಜಿಂಜರ್’. ಜರ್ಮನ್ನರು ತಲೆಯನ್ನೇ ಕತ್ತರಿಸಿ ‘ಇಂಗ್ವರ್’ ಮಾಡಿಕೊಂಡರು. ಪೋಲೆಂಡಿನಲ್ಲೂ ರಷ್ಯಾದಲ್ಲೂ ಅದು ‘ಇಂಬಿರ್’ ಆಯಿತು. ಬೇರೆ ಬೇರೆ ಊರಿನಲ್ಲಿ ಬೆಳೆದ ದಾಯಾದಿಗಳು ಮದುವೆಮನೆಯಲ್ಲಿ ಸೇರಿದಾಗ ಮೂಗು ನೋಡಿಯೇ ಗುರುತು ಹಿಡಿಯುತ್ತೇವಲ್ಲ, ಹಾಗೆ ಆ ಪದಗಳನ್ನು ನೋಡುತ್ತ ನಾನು ಒಬ್ಬಳೇ ನಗುತ್ತಿದ್ದೆ. ಎಷ್ಟೋ ದಿನಗಳ ಮೇಲೆ ನನ್ನ ತಲೆ ಕೆಲಸ ಮಾಡುತ್ತಿತ್ತು, ಅದಕ್ಕೇ ಅಷ್ಟು ಖುಷಿ.

ತೊಂದರೆ ಇದ್ದದ್ದು ದಾರದ ಮೊದಲ ತುದಿಯಲ್ಲಿ. ಇಂಥ ಪ್ರದರ್ಶನಗಳಲ್ಲಿ ಒಬ್ಬ ವಿದ್ವಾಂಸರ ಮೇಲ್ವಿಚಾರಣೆ ಇರಬೇಕು, ಗೋಡೆಯ ಕೆಳಗೆ ಅವರ ಹೆಸರು ಬರಬೇಕು. ನಮಗೆ ಒಬ್ಬ ನಿವೃತ್ತ ಪ್ರಾಧ್ಯಾಪಕರು ಸಿಕ್ಕಿದ್ದರು. ಬದುಕಿಡೀ ಯುರೋಪಿನ ಭಾಷೆಗಳನ್ನು ಕಲಿಸಿ ಈಗ ಸಗಮಿಹಾರಾದಲ್ಲಿ ನೆಲೆಸಿದ್ದವರು, ಎಲ್ಲರಿಗೂ ‘ಸೆನ್ಸೇ’, ಎಂದರೆ ಮೇಷ್ಟರು. ಅವರು ಶುರುವಿನಲ್ಲೇ ಬರೆದುಕೊಟ್ಟ ಟಿಪ್ಪಣಿಯ ಪ್ರಕಾರ ಎಲ್ಲಕ್ಕೂ ಮೂಲ ಸಂಸ್ಕೃತದ ‘ಶೃಂಗವೇರ’, ಎಂದರೆ ಕೊಂಬಿನ ಮೈಯದ್ದು. ಶುಂಠಿಯ ಗಡ್ಡೆ ನೋಡಿದರೆ ಜಿಂಕೆಯ ಕವಲು ಕೊಂಬಿನ ಹಾಗೇ ಇರುತ್ತದಲ್ಲ! ಅದನ್ನು ಓದಿದ ಡಿಸೈನರ್, ತಲೆಯ ಮೇಲೆ ಶುಂಠಿಯನ್ನೇ ಕೊಂಬಾಗಿ ಹೊತ್ತ ಒಂದು ಜಿಂಕೆ ಬರೆದಿದ್ದರು. ಎಂಥ ಜಿಂಕೆ ಎಂದರೆ, ಕಾರ್ಖಾನೆಯ ಯಜಮಾನರು, ಇಲ್ಲಿಯ ಮಾತಿನಲ್ಲಿ ‘ಶಾಚೋ’, ಅದನ್ನು ತಮ್ಮ ಅಂಗಡಿಯ ಚೀಲದ ಮೇಲೂ ಹಾಕಿಸುತ್ತೇನೆಂದು ಕುಣಿದಿದ್ದರು.

ಆ ತುದಿಗೆ ದಾರ ಕಟ್ಟಲು ಹೋದಾಗ ನನ್ನ ನಿಘಂಟುಗಳು ಜಗಳಕ್ಕೆ ಬಿದ್ದವು. ತಮಿಳು, ಮಲಯಾಳಗಳಲ್ಲಿ ಶುಂಠಿಗೆ ‘ಇಂಜಿ’ ಅನ್ನುತ್ತಾರೆ. ‘ವೇರ್’ ಎಂದರೆ ನಮ್ಮ ಬೇರು. ದಕ್ಷಿಣದ ಆ ಮಾತು ಉತ್ತರಕ್ಕೆ ಹೋದಾಗ, ಅರ್ಥವಾಗದ್ದಕ್ಕೆ ತಮಗೆ ತಿಳಿದ ಅರ್ಥ ಹಚ್ಚಿ, ಸಂಸ್ಕೃತದವರು ಅದನ್ನು ಕೊಂಬು ಮಾಡಿಕೊಂಡಿರಬೇಕು ಎನ್ನುವುದು ಹಲವರ ಅಭಿಪ್ರಾಯ. ಅಂದರೆ ಕೊಂಬು ಹುಟ್ಟಿನಿಂದ ಬಂದದ್ದಲ್ಲ, ದಾರಿಯಲ್ಲಿ ಮೂಡಿದ್ದು. ಆ ‘ಇಂಜಿ’ ಕೂಡ ಇನ್ನೂ ಪೂರ್ವದ ಯಾವುದೋ ದೇಶದಿಂದ ಬಂದಿರಬಹುದು ಎನ್ನುವವರೂ ಇದ್ದಾರೆ. ಜಿಂಕೆಯನ್ನು ಮೊದಲಿಗೆ ನಿಲ್ಲಿಸಿ ‘ಇಲ್ಲಿಂದ ಶುರು’ ಎಂದು ಬರೆಯುವ ಹಾಗಿರಲಿಲ್ಲ.

ಮನೆಯಲ್ಲಿ ಇದನ್ನು ಆವೇಶದಿಂದ ಹೇಳಿದೆ. ಗಂಡ ಚಪಾತಿ ಮಡಚುತ್ತ, “ಅಲ್ಲ ಕಣೇ, ನಾವು ಕನ್ನಡದವ್ರು ಶುಂಠಿ ಅಂತೀವಿ. ಇಂಜಿ ಗೆದ್ರೆ ನಿಂಗೇನ್ ಬಂತು?” ಅಂದರು.

“ಬೇರು ನಮ್ದಲ್ವಾ?” ಅಂದೆ.

“ಓ, ಬೇರಿಗೋಸ್ಕರ ಈ ಜಗಳ” ಎಂದು ನಕ್ಕರು. ನನಗೆ ಸಿಟ್ಟು ಬಂತು, ಏಕೆಂದರೆ ಮಾತು ಸ್ವಲ್ಪ ತಾಗಿತ್ತು. ದಕ್ಷಿಣ ಗೆಲ್ಲಲಿ ಎಂದು ನನ್ನೊಳಗೊಂದು ಆಸೆ ಇದ್ದದ್ದು ನಿಜ.

ಆ ವಾರದ ಮೀಟಿಂಗಿಗೆ ಶಾಚೋ ಬಂದಿದ್ದರು, ಸೆನ್ಸೇ ಬಂದಿದ್ದರು. ಹಸಿರು ಟೀ ಬಾಟಲಿಗಳು ಸಾಲಾಗಿ ನಿಂತಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು, ಎಂದರೆ ‘ಬುಚೋ’, ಜಿಂಕೆಯ ಚಿತ್ರ ತೋರಿಸಿ ಎಲ್ಲವನ್ನೂ ವಿವರಿಸಿದರು. ಕೊನೆಯಲ್ಲಿ ಶಾಚೋ, “ಹಾಗಾದ್ರೆ ಎಲ್ರಿಗೂ ಒಪ್ಪಿಗೆ ತಾನೆ?” ಎಂದರು.

ನಾನು ಕೈಯೆತ್ತಿದೆ. “ಸುಮಿಮಾಸೆನ್, ಕ್ಷಮಿಸಿ, ಜಿಂಕೆ ಅಲ್ಲಿ ನಿಲ್ಲೋ ಹಾಗಿಲ್ಲ. ಕೊಂಬಿನ ಕಥೆ ಮೂಲದ್ದಲ್ಲ, ಆಮೇಲೆ ಹಚ್ಚಿದ್ದು” ಎಂದು ಲ್ಯಾಪ್‌ಟಾಪ್ ತಿರುಗಿಸಿ ಒಂದೊಂದೇ ಪುಟ ತೋರಿಸಿದೆ. ಮೈಸೂರಿನ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮೀಟಿಂಗ್ ಎಂದರೆ ಹಾಗೇ. ಮೇಜು ಗುದ್ದಿ ಕೂಗಾಡಿ, ಆಮೇಲೆ ಎಲ್ಲರೂ ಒಟ್ಟಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆವು. ಇಲ್ಲಿ ಬುಚೋ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು. ಡಿಸೈನರ್ ತಲೆ ತಗ್ಗಿಸಿದರು. ಸೆನ್ಸೇ ಮಾತ್ರ ತಾಳ್ಮೆಯಿಂದ ಪೂರ್ತಿ ಕೇಳಿ, “ತುಂಬಾ ಕಲಿತ ಹಾಗಾಯ್ತು” ಎಂದು ಬಾಗಿ, ಕಾಗದ ಜೋಡಿಸಿಕೊಂಡು ಎದ್ದರು. ಗೆದ್ದೆನೆಂದುಕೊಂಡು ನಾನು ರೈಲಿನಲ್ಲಿ ಹಾಡು ಗುನುಗುತ್ತ ಮನೆಗೆ ಬಂದೆ.

ಮರುದಿನ ಬುಚೋ ನನ್ನನ್ನು ನಕ್ಷೆಯ ಹತ್ತಿರ ಕರೆದರು. ಸೆನ್ಸೇ ತಮಗೆ ವಯಸ್ಸಾಯಿತು, ಜವಾಬ್ದಾರಿ ಹೊರಲು ಶಕ್ತಿ ಸಾಲದು ಎಂದು ಹೆಸರು ಹಿಂತೆಗೆದುಕೊಂಡಿದ್ದರು. ಅವರ ಹೆಸರಿಲ್ಲದ ಗೋಡೆ ಬೇಡ, ಅಲ್ಲಿ ಕಾರ್ಖಾನೆಯ ಹಳೆಯ ಫೋಟೋ ಹಾಕಿಬಿಡಿ ಎಂದು ಶಾಚೋ ಹೇಳಿದ್ದರು. ಮುಂದಿನ ಮೀಟಿಂಗಿನಲ್ಲಿ ಅದೇ ತೀರ್ಮಾನ ಆಗುವುದಿತ್ತು. ನನಗೆ ಕಾಲಿನ ಕೆಳಗೆ ಇಡೀ ಯುರೋಪು ಕುಸಿದಂತಾಯಿತು.

“ಸುಧಾ ಸಾನ್, ನೀವು ಹೇಳಿದ್ದು ತಪ್ಪಲ್ಲ” ಎಂದರು ಬುಚೋ. “ಆದ್ರೆ ಅದನ್ನ ಮೀಟಿಂಗಲ್ಲಿ ಯಾಕೆ ಹೇಳಿದ್ರಿ?”

“ಮತ್ತೆ ಮೀಟಿಂಗ್ ಇರೋದು ಯಾತಕ್ಕೆ?”

“ಎಲ್ರೂ ಒಪ್ಪಿದಾರೆ ಅಂತ ಎಲ್ರೂ ನೋಡೋದಕ್ಕೆ.”

ಅವರು ವ್ಯಂಗ್ಯ ಮಾಡುತ್ತಿರಲಿಲ್ಲ. ಮಾತುಕತೆ, ಆಕ್ಷೇಪಣೆ, ಕೊಡುಕೊಳ್ಳುವಿಕೆ ಎಲ್ಲ ಮೀಟಿಂಗಿಗೆ ಮುಂಚೆ, ಒಬ್ಬೊಬ್ಬರ ಹತ್ತಿರ ಹೋಗಿ ಮುಗಿಸಬೇಕು ಎಂದು ವಿವರಿಸಿದರು. ಅದಕ್ಕೆ ಇಲ್ಲಿ ‘ನೆಮವಾಶಿ’ ಎನ್ನುತ್ತಾರೆ. ಮರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಡುವ ಮುಂಚೆ ಬೇರಿನ ಸುತ್ತ ಮಣ್ಣು ಬಿಡಿಸುವ ಕೆಲಸದ ಹೆಸರು ಅದು. ನಾನು ಮಣ್ಣು ಬಿಡಿಸದೆ ಕಾಂಡ ಹಿಡಿದು ಎಳೆದಿದ್ದೆ.

ಗಂಡನ ಸಲಹೆ ಬೇರೆಯೇ ಇತ್ತು. “ಇದೆಲ್ಲ ಪಾಲಿಟಿಕ್ಸ್ ಕಣೇ. ಎಲ್ರನ್ನೂ ಸಿಸಿ ಹಾಕಿ ಒಂದು ಮೇಲ್ ಹೊಡಿ. ರೆಫರೆನ್ಸ್ ಅಟ್ಯಾಚ್ ಮಾಡು. ಡೇಟಾ ಮುಂದಿಟ್ರೆ ಯಾರೇನ್ ಮಾತಾಡ್ತಾರೆ?” ಎಂದರು. ನನಗೂ ಅದೇ ಸರಿ ಅನಿಸಿತು. ನಿಘಂಟುಗಳ ಪುಟಗಳನ್ನು ಜೋಡಿಸಿ, ಚುರುಕಾಗಿ, ಸ್ವಲ್ಪ ಖಾರವಾಗಿಯೇ ಬರೆದೆ. ಕಳಿಸುವ ಮುಂಚೆ ಒಮ್ಮೆ ಓದಿಕೊಂಡಾಗ, ಏಕೋ ನಮ್ಮ ಸೋದರತ್ತೆ ನೆನಪಾದರು.

ನಮ್ಮ ಮನೆಯ ಒಂದು ಮದುವೆಗೆ ಆ ಅತ್ತೆಗೆ ಕಾರ್ಡು ಅಂಚೆಯಲ್ಲಿ ಹೋಗಿತ್ತು, ಯಾರೂ ಮನೆಗೆ ಹೋಗಿ ಕರೆದಿರಲಿಲ್ಲ. ಅವರು ಬಂದರು, ಅಕ್ಷತೆ ಹಾಕಿದರು, ಊಟಕ್ಕೆ ಮಾತ್ರ ಕೂರಲಿಲ್ಲ. ಅದನ್ನು ಕಂಡ ಅಮ್ಮ ನನ್ನ ಮದುವೆಗೆ ಮುಂಚೆ ಬಿಸಿಲಿನಲ್ಲಿ ಮನೆಮನೆ ಅಲೆದರು. ಪ್ರತಿ ಮನೆಯಲ್ಲೂ ಕುಂಕುಮ ಕೊಟ್ಟು, ಕೂತು, ಕೊಟ್ಟ ಕಾಫಿ ಕುಡಿದು, ಎದ್ದು ಬರುತ್ತಿದ್ದರು. ಕಾರ್ಡು ಹೋಗಿದೆಯಲ್ಲಾ, ಯಾಕೆ ಸುಮ್ಮನೆ ಅಲೀತೀಯ ಎಂದು ನಾನು ರೇಗಿದ್ದೆ. “ಕಾರ್ಡು ಗೊತ್ತಾಗ್ಲಿ ಅಂತ. ಕರೆಯೋದು ಬೇರೆ ಕಣೇ” ಎಂದಿದ್ದರು ಅಮ್ಮ.

ನಾನು ಸೆನ್ಸೇಗೆ ಮೀಟಿಂಗಿನಲ್ಲಿ ಕೊಟ್ಟದ್ದು ಕಾರ್ಡು. ಈಗ ಕಳಿಸಲು ಹೊರಟಿದ್ದದ್ದು ಇನ್ನೊಂದು ಕಾರ್ಡು, ಅದೂ ಊರಿಗೆಲ್ಲ ಕಾಣುವ ಹಾಗೆ. ಮೇಲ್ ಅಳಿಸಿದೆ. “ಅಯ್ಯೋ, ಅಷ್ಟು ಚೆನ್ನಾಗಿತ್ತಲ್ಲೇ!” ಎಂದು ಗಂಡ ಕೂಗಿದರು. ಬುಚೋ ಒಪ್ಪಿದರೆ ಮನೆಮನೆಗೆ ಹೋಗುವುದೆಂದು ನಿರ್ಧರಿಸಿದೆ. ಬುಚೋ ಒಪ್ಪಿದ್ದಷ್ಟೇ ಅಲ್ಲ, ಯಾರ ಹತ್ತಿರ ಮೊದಲು, ಯಾರ ಹತ್ತಿರ ಕೊನೆಗೆ ಎಂದೂ ಹೇಳಿಕೊಟ್ಟರು. ಅತಿ ಕಷ್ಟದವರು ಕೊನೆಗೆ.

ಮೊದಲು ಡಿಸೈನರ್. ಅವರ ಮೇಜಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಅವರು ನನ್ನ ಮುಖ ನೋಡದೆ, “ಜಿಂಕೆ ಹೋಗ್ಬೇಕಾ?” ಎಂದು ಕೇಳಿದರು. ಮೀಟಿಂಗಿನಲ್ಲಿ ನಾನು ತೆಗೆದುಹಾಕಲು ಹೊರಟದ್ದು ಇವರ ಎಷ್ಟು ದಿನದ ಕೆಲಸವನ್ನು ಎಂದು ಆಗ ಯೋಚಿಸಿರಲೇ ಇಲ್ಲ. ಮೇಜಿನ ಮೇಲಿದ್ದ ಜಿಂಕೆಯ ಚಿತ್ರ ನೋಡುತ್ತ ಕೂತಾಗ ನನಗೇ ಹೊಳೆಯಿತು: ಕೊಂಬು ಸುಳ್ಳಲ್ಲ, ಜಾಗ ತಪ್ಪು, ಅಷ್ಟೇ. ದಕ್ಷಿಣದಿಂದ ಬಂದ ಹೆಸರಿಗೆ ಕೊಂಬು ಮೂಡಿತು ಎನ್ನುವ ನಿಲ್ದಾಣದಲ್ಲಿ ಜಿಂಕೆ ನಿಲ್ಲಬಹುದು.

“ಜಿಂಕೆ ಇರುತ್ತೆ. ಸ್ವಲ್ಪ ಮುಂದಕ್ಕೆ ನಡೀಬೇಕು” ಎಂದೆ. ಅವರು ತಕ್ಷಣ ಪಾರದರ್ಶಕ ಹಾಳೆಯ ಮೇಲೆ ಜಿಂಕೆಯನ್ನು ಕತ್ತರಿಸಿ, ನಕ್ಷೆಯ ಮೇಲೆ ಸರಿಸಿ ಸರಿಸಿ ನೋಡಿದರು. ಅದು ಮುಂದಕ್ಕೆ ಹೋದಾಗ ಹಿಂದೆ ಒಂದಿಷ್ಟು ಜಾಗ ಖಾಲಿ ಉಳಿಯಿತು. ಆ ಖಾಲಿಯನ್ನು ಅವರು ತುಂಬಲಿಲ್ಲ. ಅಲ್ಲಿಗೆ ಬಿಡಿಬಿಡಿಯಾಗಿ ಚುಕ್ಕೆಗಳನ್ನು ಇಟ್ಟರು.

ಆಮೇಲೆ ಕಾರ್ಖಾನೆ. ಬಾಗಿಲಿನಲ್ಲೇ ಹುಳಿಯ ವಾಸನೆ ಮೂಗಿಗೆ ಹೊಡೆಯಿತು. ಕೂದಲಿಗೆ ಬಲೆ ಹಾಕಿಸಿಕೊಂಡು ಶಾಚೋ ಹಿಂದೆ ನಡೆದೆ. ಶುಂಠಿಯನ್ನು ಉಪ್ಪಿನಲ್ಲಿ ಕೂರಿಸಿದ ದೊಡ್ಡ ತೊಟ್ಟಿಗಳ ನಡುವೆ ಅವರು ನೇರವಾಗಿ ಕೇಳಿದರು: “ಗೊತ್ತಿಲ್ಲ ಅಂತ ಗೋಡೆ ಮೇಲೆ ಬರೆದ್ರೆ ಗಿರಾಕಿಗಳು ನಗಲ್ವಾ?”

“ಮೊದಲ ತುದಿ ಮಾತ್ರ ಗೊತ್ತಿಲ್ಲ. ಆಮೇಲಿನದೆಲ್ಲ ಗಟ್ಟಿ. ಗೊತ್ತಿಲ್ದೇ ಇರೋದನ್ನ ಹೇಳ್ಕೊಂಡ್ರೆ ಗೊತ್ತಿರೋದನ್ನ ಜನ ನಂಬ್ತಾರೆ” ಎಂದೆ.

ಶಾಚೋ ತೊಟ್ಟಿಯ ಅಂಚಿಗೆ ಒರಗಿದರು. ಆಮೇಲೆ ದನಿ ತಗ್ಗಿಸಿ, “ನಮ್ಮ ಕೆಂಪು ಶುಂಠಿ ನಮ್ಮಜ್ಜ ಕಂಡುಹಿಡಿದದ್ದು ಅಂತ ಬ್ರೋಷರಲ್ಲಿ ಹಾಕಿದೀವಿ. ನಮ್ಮಜ್ಜಿ ಕೇಳಿದ್ರೆ, ಪಕ್ಕದ ಮನೆಯಾಕೆ ಹೇಳ್ಕೊಟ್ಟಿದ್ದು ಅನ್ನೋರು. ಆಕೆಗೆ ಯಾರು ಹೇಳ್ಕೊಟ್ರೋ!” ಎಂದು ಗಹಗಹಿಸಿ ನಕ್ಕರು. ನಾನೂ ನಕ್ಕೆ. “ಸೆನ್ಸೇ ಹೂಂ ಅಂದ್ರೆ ನಂದೂ ಹೂಂ” ಎಂದು ಒಂದು ಪೊಟ್ಟಣ ಶುಂಠಿ ಕೈಗಿಟ್ಟು ಕಳಿಸಿದರು.

ಕಡೆಯದಾಗಿ ಸಗಮಿಹಾರಾ, ಸೆನ್ಸೇ ಮನೆ. ಇಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ, ನಮ್ಮಲ್ಲಿದ್ದ ಹಾಗೇ. ನಿಲ್ದಾಣದ ಅಂಗಡಿಯ ಅಂದದ ಪೆಟ್ಟಿಗೆ ಬೇಡವೆನಿಸಿ, ಶುಂಠಿ ಮಿಠಾಯಿ ಮಾಡಿ, ಕತ್ತರಿಸಿ, ಡಬ್ಬಿಗೆ ತುಂಬಿಕೊಂಡಿದ್ದೆ. ಸೆನ್ಸೇ ಬಾಗಿಲು ತೆರೆದು, ಚಹಾ ಕೊಟ್ಟು, ತಮ್ಮ ಪುಟ್ಟ ತೋಟದ ಬಗ್ಗೆ ಬಹಳ ಮಾತಾಡಿದರು. ಗೋಡೆಯ ಮಾತಿಲ್ಲ. ನಾನೂ ಅಮ್ಮನನ್ನು ನೆನೆದು, ಕೊಟ್ಟ ಚಹಾ ಕುಡಿಯುತ್ತ ಕೂತೆ. ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಬಹಳ ಕಷ್ಟ.

ಕೊನೆಗೆ ಹೇಳಿದೆ: “ಸೆನ್ಸೇ, ಮೊದಲ ತುದಿಗೆ ನನಗೆ ವಾಕ್ಯ ಬರೆಯೋಕೆ ಆಗ್ತಿಲ್ಲ. ನಾನು ದಕ್ಷಿಣದವಳು. ದಕ್ಷಿಣ ಗೆಲ್ಲಲಿ ಅಂತ ಮನಸ್ಸು ವಾಲುತ್ತೆ. ನನ್ನ ಕೈಯನ್ನ ನಾನೇ ನಂಬಲ್ಲ. ಅದನ್ನ ನೀವು ಬರೆದುಕೊಡಬೇಕು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇಂಜಿಯ ವಾದ ನನಗೆ ಹೊಸದಲ್ಲ ಸುಧಾ ಸಾನ್. ಸಾಮಾನ್ಯ ಜನ ನೋಡೋ ಗೋಡೆ, ಸರಳವಾಗಿರಲಿ ಅಂತ ಬಿಟ್ಟಿದ್ದೆ. ನೀವು ಒಂದು ದಿನ ಮುಂಚೆ ಫೋನ್ ಮಾಡಿದ್ರೆ ನಾನೇ ಮೀಟಿಂಗಲ್ಲಿ ಬದಲಾಯಿಸೋಣ ಅಂತಿದ್ದೆ. ಎಲ್ಲರ ಎದುರಿಗೆ ಹೇಳಿದ್ರಿ. ಹೌದು ಅಂದ್ರೆ ಅದುವರೆಗೆ ಹೇಳಿದ್ದು ಸುಳ್ಳಾಗುತ್ತೆ, ಅಲ್ಲ ಅಂದ್ರೆ ನಿಜಕ್ಕೆ ಅನ್ಯಾಯ ಆಗುತ್ತೆ. ನನಗೆ ಎದ್ದು ಹೋಗೋದೊಂದೇ ದಾರಿ ಉಳಿದಿತ್ತು.”

ನನಗೆ ಕಣ್ಣು ತುಂಬಿತು. ಗೊಮೆನ್ನಾಸಾಯ್ ಎಂದು ಬಾಗಿದೆ, ಕ್ಷಮೆ ಕೇಳಲು ನನಗೆ ಇಲ್ಲಿಯ ಮಾತೇ ಬಾಯಿಗೆ ಬಂತು. ಅವರು ಡಬ್ಬಿಯಿಂದ ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡು, ಖಾರಕ್ಕೆ ಕೆಮ್ಮಿ, ನಕ್ಕು, ನಾನು ತಂದಿದ್ದ ನಕ್ಷೆಯ ಪ್ರತಿ ಬಿಡಿಸಿಕೊಂಡರು. ಬೆರಳು ನೇರವಾಗಿ ಫಿನ್ಲೆಂಡಿನ ಮೇಲೆ ಹೋಯಿತು. “ನೀವೂ ಇಲ್ಲೊಂದು ಕಡೆ ಜಿಗಿದಿದೀರಿ. ಇವರಿಗೆ ಜರ್ಮನಿಯಿಂದ ನೇರ ದಾರ ಎಳೆದಿದೀರಿ. ಇವರ ಹೆಸರು ಸ್ವೀಡನ್ನಿನ ಮೂಲಕ ಬಂದದ್ದು.” ಹೌದು, ಆ ಒಂದು ದಾರಕ್ಕೆ ನನ್ನ ನಿಯಮ ಮರೆತು, ಒಂದೇ ನಿಘಂಟು ನೋಡಿ ಅವಸರದಲ್ಲಿ ಕಟ್ಟಿದ್ದೆ. ಮನೆಯಲ್ಲಿ ಹೇಳಿದ್ದರಿಂದ ಅದು ನನಗೆ ಚುಚ್ಚಲಿಲ್ಲ. ಮೀಟಿಂಗಿನಲ್ಲಿ ಹೇಳಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ ಮೈ ಬಿಸಿಯಾಯಿತು.

ಆಮೇಲೆ ಅವರು ಪೆನ್ಸಿಲಿನಲ್ಲಿ ನಿಧಾನವಾಗಿ ಬರೆದರು: ‘ಇದಕ್ಕೂ ಮುಂಚೆ ಈ ಹೆಸರು ಯಾರ ಬಾಯಲ್ಲಿ ಹುಟ್ಟಿತೋ ಖಚಿತವಾಗಿ ಗೊತ್ತಿಲ್ಲ. ದಕ್ಷಿಣ ಭಾರತದ ಮಾತಿರಬಹುದು ಎಂದು ಹಲವರು ಹೇಳುತ್ತಾರೆ. ಹುಡುಕಾಟ ನಡೆದಿದೆ.’ ಪೆನ್ಸಿಲ್ ಕೆಳಗಿಟ್ಟು, “ನನ್ನ ಹೆಸರು ಹಾಕಿ” ಎಂದರು.

ಮುಂದಿನ ಮೀಟಿಂಗಿನಲ್ಲಿ ನಾನು ಬಾಯಿ ತೆರೆಯಲಿಲ್ಲ. ಶಾಚೋ ತಾವೇ ಮೊದಲು, “ಜಿಂಕೆ ಮುಂದೆ ನಡೆದ್ರೆ ಚೆನ್ನಾಗಿರುತ್ತೆ ಅಂತ ನನಗೂ ಅನಿಸ್ತಿತ್ತು” ಎಂದರು. ಸೆನ್ಸೇ ತಲೆಯಾಡಿಸಿದರು. ಟೀ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈಸೂರಿನವರು ಯಾರಾದರೂ ನೋಡಿದ್ದರೆ ಇದಕ್ಕೇಕೆ ಮೀಟಿಂಗ್ ಎಂದು ಕೇಳುತ್ತಿದ್ದರು. ನಾನು ಮಾತ್ರ ಎಲ್ಲರೂ ಒಪ್ಪಿದ್ದನ್ನು ಎಲ್ಲರ ಜೊತೆ ಕೂತು ನೋಡಿದೆ, ಮನಸ್ಸು ತುಂಬಿತ್ತು.

ಪ್ರದರ್ಶನಾಲಯ ತೆರೆದ ದಿನ ಜನ ಜಿಂಕೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಚುಕ್ಕೆಗಳ ಹತ್ತಿರ ಬಂದಾಗ ಹೆಚ್ಚಿನವರು ಸ್ವಲ್ಪ ನಿಧಾನಿಸುತ್ತಿದ್ದರು. ಒಬ್ಬ ಅಜ್ಜಿ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಪಕ್ಕದವರಿಗೆ ಏನೋ ಹೇಳುತ್ತಿದ್ದರು. ಗಂಡ ಬಾಗಿ ನಿಂತು ಗೋಡೆಯ ಕೆಳಗಿನ ಹೆಸರುಗಳನ್ನು ಎರಡೆರಡು ಸಲ ಓದಿ, “ಸಿಸಿ ಹಾಕಿದ್ರೆ ಇಷ್ಟು ಹೆಸರು ಬರ್ತಿರ್ಲಿಲ್ಲ ಬಿಡು” ಎಂದರು.

ನನ್ನ ಒಪ್ಪಂದ ಮುಗಿಯುತ್ತ ಬಂದಿತ್ತು. ಮೇಜಿನ ಮೇಲಿದ್ದ ದಾರದ ಉಂಡೆಗಳನ್ನು ಬಣ್ಣ ಬೇರೆ ಮಾಡಿ ಸುತ್ತುತ್ತ ಕೂತಿದ್ದೆ. ಮುಂದಿನ ಕೆಲಸದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ, ನಾನಾಗಿ ಕೇಳಲು ಅಂಜಿಕೆ. ಆಗ ಬುಚೋ ಬಂದರು. ಪಕ್ಕದ ಮೇಜಿನಿಂದ ಕುರ್ಚಿ ಎಳೆದುಕೊಂಡು, ಅವಸರವಿಲ್ಲದೆ ಕೂತರು. ಇಲ್ಲಿ ‘ಕೊಂಬಿನಿ’ ಎನ್ನುವ ಮೂಲೆಯಂಗಡಿಯಿಂದ ತಂದ ಬಿಸಿ ಕಾಫಿಯ ಎರಡು ಲೋಟಗಳಲ್ಲಿ ಒಂದನ್ನು ನನ್ನ ಮುಂದಿಟ್ಟರು. ಮಳೆ, ಬಿಸಿಲು, ರೈಲು ತಡವಾದದ್ದು ಎಲ್ಲ ಮಾತಾಡಿದರು. ನಾನು ಏನೂ ತಿಳಿಯದೆ ಹೂಂಗುಟ್ಟುತ್ತಿದ್ದೆ.

“ಹೊಸದೊಂದು ಪ್ರದರ್ಶನದ ಕೆಲಸ ಬರ್ತಿದೆ. ಶುಕ್ರವಾರ ಮೀಟಿಂಗ್” ಎಂದರು ಆಮೇಲೆ, ಒಂದು ಹಾಳೆ ನನ್ನ ಕಡೆ ಸರಿಸುತ್ತ. “ಅದಕ್ಕೆ ಮುಂಚೆ, ಸುಧಾ ಸಾನ್, ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ.”

ನಾನು ಹಾಳೆ ನೋಡಲಿಲ್ಲ. ಮೊದಲು ಅವರು ಕೊಟ್ಟ ಕಾಫಿ ಕುಡಿದೆ.